ಬಿಡುವವರ ಹೆಸರು

ಜುಲೈ ಬಂತೆಂದರೆ ನನ್ನ ಕೋಣೆಯ ಮುಂದೆ ಚಪ್ಪಲಿಗಳ ರಾಶಿ. ಕಾಲೇಜಿಗೆ ಹೊಸದಾಗಿ ಸೇರಿದವರು, ವರ್ಷ ದಾಟಿದವರು, ಫೇಲಾಗಿ ಮತ್ತೆ ಬಂದವರು, ಅವರ ಅಪ್ಪ ಅಮ್ಮಂದಿರು, ಎಲ್ಲರೂ ಕೈಯಲ್ಲೊಂದು ದೊಡ್ಡ ಹಾಳೆ ಹಿಡಿದು ನಿಂತಿರುತ್ತಾರೆ. ಅದಕ್ಕೆ ಯೋಜನಾ ಹಾಳೆ ಎನ್ನುತ್ತೇವೆ. ಕಂಪ್ಯೂಟರ್ ಸೈನ್ಸ್ ಪದವಿಗೆ ನಾಲ್ಕು ವರ್ಷ, ಎಂಟು ಸೆಮಿಸ್ಟರ್, ನಲವತ್ತೆರಡು ವಿಷಯ. ಯಾವುದರ ಹಿಂದೆ ಯಾವುದು ಬರಬೇಕು, ಯಾವುದು ಪಾಸಾಗದೆ ಯಾವುದಕ್ಕೆ ಕೂರುವಂತಿಲ್ಲ ಎಂದು ನೋಡಿ ಜೋಡಿಸುವುದು ಹಾಳೆಯ ಎಡಗಡೆಯ ಕೆಲಸ. ಅದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದವಳು ನಾನು. ಬಲಗಡೆ ಇನ್ನೊಂದು ಕಾಲಂ ಇದೆ. ಅದರ ಮೇಲೆ 'ಬಿಡುವವರ ಹೆಸರು' ಎಂದು ಅಚ್ಚಾಗಿರುತ್ತದೆ. ಜನ ಒದ್ದಾಡುವುದೆಲ್ಲ ಆ ಕಾಲಂಗಾಗಿ.

ನಮ್ಮ ಊರಿನಲ್ಲಿ ಒಂದು ವಿಷಯ ಇಷ್ಟೇ ತಲೆಗಳಲ್ಲಿ ಇರುತ್ತದೆ, ಅದಕ್ಕಿಂತ ಒಂದು ಹೆಚ್ಚಿಲ್ಲ. ಮಗ್ಗಿ, ಕಾಗುಣಿತ ಎಲ್ಲರಿಗೂ ಆಗಿ ಮಿಗುವಷ್ಟಿದೆ. ಮೇಲಕ್ಕೆ ಹೋದಂತೆ ಕಮ್ಮಿ. ಹೊಸಬರೊಬ್ಬರು ಕಲಿಯಬೇಕಾದರೆ ಹಳಬರೊಬ್ಬರು ಬಿಡಬೇಕು. ಬಿಡುವವರು ಶನಿವಾರ ಬಂದು ಸಹಿ ಹಾಕಿ ಹೋದರೆ ಸೋಮವಾರ ಬೆಳಿಗ್ಗೆ ಏಳುವಾಗ ಅದು ಅವರಲ್ಲಿ ಇರುವುದಿಲ್ಲ. ಕಲಿತದ್ದು ನೆನಪಿರುತ್ತದೆ. ಯಾರು ಕಲಿಸಿದರು, ಯಾವ ಬೆಂಚಿನಲ್ಲಿ ಕೂತಿದ್ದೆ, ಎಷ್ಟು ಮಾರ್ಕ್ಸ್ ಬಂತು, ಎಲ್ಲ ನೆನಪಿರುತ್ತದೆ. ವಿಷಯ ಮಾತ್ರ ಹೋಗಿರುತ್ತದೆ. ಆ ಸೋಮವಾರ ಬಿಟ್ಟವರು ಏನೋ ಕಳೆದುಕೊಂಡವರಂತೆ ಮನೆಯೊಳಗೆ ಹುಡುಕಾಡುತ್ತಾ ಅಡುಗೆ ಮಾಡುವುದನ್ನೇ ಮರೆಯುತ್ತಾರೆಂದು, ಪಡೆದವರ ಮನೆಯಿಂದ ಅವರಿಗೆ ಊಟ ಕಳಿಸುವ ಪದ್ಧತಿ ಇದೆ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಹೆಚ್ಚಿನ ಹುಡುಗರು ಪರೀಕ್ಷೆ ಮುಗಿದ ಮರುವಾರವೇ ಕಿರಿಯರಿಗೆ ಬಿಟ್ಟುಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಪದವಿ ಹೇಗೂ ಫ್ರೇಮು ಹಾಕಿಸಿಕೊಂಡು ಗೋಡೆಯ ಮೇಲೆ ಇರುತ್ತದಲ್ಲ. ಹೆಣ್ಣು ನೋಡಲು ಬಂದವರನ್ನು ನಮ್ಮೂರ ಹೆಂಗಸರು "ಹುಡುಗ ಏನು ಓದಿದ್ದಾನೆ" ಎಂದು ಕೇಳುವುದಿಲ್ಲ, "ಓದಿದ್ದರಲ್ಲಿ ಏನು ಉಳಿದಿದೆ" ಎಂದು ಕೇಳುತ್ತಾರೆ. ಯಾರಾದರೂ ನಿವೃತ್ತ ಮೇಷ್ಟ್ರು ಹಾಸಿಗೆ ಹಿಡಿದರೆ ಅವರ ಮನೆಗೆ ಬಾಳೆಹಣ್ಣು ಹಿಡಿದು ಹೋಗುವ ವಿದ್ಯಾರ್ಥಿಗಳ ಭಕ್ತಿ ನೋಡಬೇಕು. ಸತ್ತರೂ ಜಾಗ ಖಾಲಿಯಾಗುತ್ತದೆ.

ನಾನು ಪ್ರಫುಲ್ಲಾ. ಹತ್ತೊಂಬತ್ತು ವರ್ಷದಿಂದ ಈ ಕಾಲೇಜಿನಲ್ಲಿದ್ದೇನೆ. ಯೋಜನಾ ಹಾಳೆ ನನ್ನ ಹೆಚ್ಚುವರಿ ಕೆಲಸ. ನಿಜವಾದ ಕೆಲಸ ಏಳನೇ ಸೆಮಿಸ್ಟರಿಗೆ ಕಂಪೈಲರ್ ಪಾಠ ಮಾಡುವುದಾಗಿತ್ತು. ಅದೇನೆಂದರೆ, ಪಠ್ಯಕ್ರಮದ ಹಾಳೆಯಲ್ಲಿ ಹೀಗಿದೆ: ಮನುಷ್ಯ ಬರೆದ ಆದೇಶವನ್ನು ಯಂತ್ರಕ್ಕೆ ತಿಳಿಯುವ ಆದೇಶವಾಗಿ ಬದಲಿಸುವ ವಿದ್ಯೆ. ನಾನು ಚೆನ್ನಾಗಿ ಕಲಿತ ಒಂದೇ ಒಂದು ವಿಷಯ ಅದು. ಮನೆಯಲ್ಲಿ ಹನ್ನೊಂದು ವರ್ಷದಿಂದ ಒಂದು ಕೆಲಸ ಇಟ್ಟುಕೊಂಡಿದ್ದೆ. 'ತೋರಿಸು', 'ಹೌದಾದರೆ', 'ಇಲ್ಲವಾದರೆ' ಎಂದು ಕನ್ನಡದಲ್ಲೇ ಬರೆದರೆ ಕಂಪ್ಯೂಟರು ಕೇಳಬೇಕು, ಅಂಥದ್ದೊಂದು ಕಂಪೈಲರ್. ಏಳು ನೋಟ್‌ಬುಕ್ ತುಂಬಿತ್ತು, ಅರ್ಧ ಆಗಿತ್ತು. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ನನಗೆ ಬೇಕಾಗಿತ್ತು.

ಕಂಪೈಲರ್ ನಮ್ಮೂರಿನಲ್ಲಿ ಹದಿನಾರು ತಲೆಗಳಲ್ಲಿರುತ್ತದೆ. ತರಗತಿಗೆ ಹತ್ತು ಜನ. ಹಿಂದಿನ ವರ್ಷದ ಹತ್ತು ಜನ ಬಿಡುತ್ತಾರೆ, ಈ ವರ್ಷದ ಹತ್ತು ಜನ ಹಿಡಿಯುತ್ತಾರೆ. ಉಳಿದ ಆರು ಅಲುಗಾಡದ ತಲೆಗಳು. ಹೋದ ವರ್ಷ ಜುಲೈನಲ್ಲಿ ತರಗತಿಗೆ ಹನ್ನೊಂದು ಜನ ಬಂದರು. ಹನ್ನೊಂದನೆಯವಳು ಮೋನಿಷಾ.

ಕಾಲೇಜಿನ ಹಿಂದಿನ ಗೇಟಿನ ಹತ್ತಿರ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುವ ಕೆಂಪಾಜಮ್ಮನ ಮಗಳು ಅವಳು. ನಾಲ್ಕು ಸೆಮಿಸ್ಟರು ಮೊದಲನೇ ಸ್ಥಾನದಲ್ಲಿ ಓದಿದವಳು, ಅಮ್ಮನ ಬಲಗೈ ಇಸ್ತ್ರಿ ಪೆಟ್ಟಿಗೆಯ ಕೆಂಡ ಬಿದ್ದು ಸುಟ್ಟಾಗ ಓದು ಬಿಟ್ಟು ಒಂದು ವರ್ಷ ಗಾಡಿ ನೋಡಿಕೊಂಡಳು. ಆಮೇಲೆ ಬಂದು ಕಿರಿಯರ ಜೊತೆ ಸೇರಿಕೊಂಡಳು. ಜೊತೆಯ ಹತ್ತು ಜನಕ್ಕೆ ಹಾಕಿದ ಹಾಗೆಯೇ ಅವಳಿಗೂ ಏಳನೇ ಸೆಮಿಸ್ಟರಿನಲ್ಲಿ ಕಂಪೈಲರ್ ಹಾಕಿದೆ. ಎಡಗಡೆ ಮುಗಿಯಿತು. ಬಲಗಡೆ ಬರೆಯಲು ಹೆಸರಿರಲಿಲ್ಲ.

"ಇದೊಂದು ಸಿಗದಿದ್ರೆ ಏನಾಗತ್ತೆ ಮೇಡಂ?" ಎಂದು ಕೇಳಿದಳು.

"ಡಿಗ್ರಿ ಸಿಗಲ್ಲ, ಇನ್ನೇನಾಗತ್ತೆ? ಸುಮ್ನೆ ನಡಿ, ಬಿಡೋರನ್ನ ಹುಡುಕೋಣ" ಎಂದು ಗದರಿ ಅವಳನ್ನು ಕರೆದುಕೊಂಡು ಹೊರಟೆ. ನನ್ನ ಹಾಳೆಯಲ್ಲಿ ಒಬ್ಬರೂ ಅರ್ಧಕ್ಕೆ ಸಿಕ್ಕಿಕೊಂಡವರಿರಲಿಲ್ಲ, ಆ ಜಂಭ ಬೇರೆ.

ಆರರಲ್ಲಿ ಮೂರು ತಲೆ ದೇವರಾಜಯ್ಯನವರ ಮನೆಯಲ್ಲಿವೆ. ನಿವೃತ್ತ ಎಂಜಿನಿಯರು, ಅವರ ಮಗ, ಸೊಸೆ. ಮೂವರಲ್ಲಿ ಒಬ್ಬರಿಗೂ ಅದರಿಂದ ಕೆಲಸವಿಲ್ಲ. ಸೊಸೆ ಕಾಫಿ ಕೊಟ್ಟರು. ದೇವರಾಜಯ್ಯ ಮೋನಿಷಾಳನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಜಾಣೆ ಥರ ಕಾಣ್ತಾಳೆ. ಆದ್ರೆ ನಮ್ಮ ಮೊಮ್ಮಗನಿಗೆ ಬೇಕಲ್ಲಮ್ಮ" ಎಂದರು. ಮೊಮ್ಮಗ ಅಲ್ಲೇ ಸೋಫಾದ ಮೇಲೆ ಕಾಲು ಚಾಚಿಕೊಂಡು ಚಕ್ಕುಲಿ ತಿನ್ನುತ್ತಿದ್ದ. ಮೂರನೇ ಕ್ಲಾಸು.

"ಅವನು ಕಾಲೇಜಿಗೆ ಬರೋಕೆ ಇನ್ನೂ ಹತ್ತು ವರ್ಷ ಇದೆ ಸರ್. ಅದೂ ಮೂರು ಜಾಗ ಯಾಕೆ ಒಬ್ಬನಿಗೆ?"

"ಇರಲಿ, ಮನೇಲಿದ್ರೆ ಒಂದು ಧೈರ್ಯ" ಎಂದರು.

ಹೊರಗೆ ಬಂದು ಗೇಟನ್ನು ಬೇಕೆಂದೇ ಜೋರಾಗಿ ಎಳೆದೆ. ನಾಲ್ಕನೆಯ ತಲೆ ಬೇಕರಿ ಪರಮೇಶಿಯದು. ಬನ್ನಿಗೆ ಬೆಣ್ಣೆ ಸವರುತ್ತಲೇ ಅವನು ಹೇಳಿದ, "ಮೇಡಂ, ನಾನು ಅದನ್ನ ಪಾಸ್ ಮಾಡೋಕೆ ನಾಲ್ಕು ಸಲ ಕೂತಿದೀನಿ. ನಾಲ್ಕು ಸಲ! ದಿನಾ ಮಲಗೋ ಮುಂಚೆ ಒಂದ್ಸಲ ಮನಸ್ಸಲ್ಲೇ ಹೇಳ್ಕೋತೀನಿ, ಇನ್ನೂ ಇದೆಯಾ ಅಂತ. ಅದೊಂದು ಇದೆ ಅಂತ ತಾನೆ ಇಲ್ಲಿ ಬನ್ ಮಾರ್ಕೊಂಡು ತಲೆ ಎತ್ಕೊಂಡು ನಿಂತಿರೋದು?" ಮೋನಿಷಾ, "ಬಿಡಿ ಅಣ್ಣ, ಪರವಾಗಿಲ್ಲ" ಎಂದಳು. ಅವನು ಇಬ್ಬರಿಗೂ ಒಂದೊಂದು ಬನ್ ಕಟ್ಟಿಕೊಟ್ಟ.

ಐದನೆಯವರು ನಮ್ಮ ವಿಭಾಗದ ಮುಖ್ಯಸ್ಥರು, ವೃಷಭೇಂದ್ರಯ್ಯ ಸರ್. ಹದಿನಾಲ್ಕು ವಿಷಯ ಹಿಡಿದುಕೊಂಡು ಕೂತಿದ್ದಾರೆ, ಒಂದನ್ನೂ ಪಾಠ ಮಾಡುವುದಿಲ್ಲ. ಕೇಳಿದರೆ, "ಮುಖ್ಯಸ್ಥನಾದವನಿಗೆ ಎಲ್ಲಾ ಗೊತ್ತಿರಬೇಕಲ್ಲಮ್ಮ ಪ್ರಫುಲ್ಲಾ. ಸ್ಥಾನಕ್ಕೆ ಒಂದು ಮರ್ಯಾದೆ ಅಂತ ಇರತ್ತೆ" ಎಂದರು. ಹಾಗೆನ್ನುತ್ತಲೇ ಮೋನಿಷಾಳ ಯೋಜನಾ ಹಾಳೆಯನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ನೋಡಿ, ಎಡಗಡೆಯ ಕೆಳಗೆ ಸಹಿ ಹಾಕಿ ಕೊಟ್ಟರು.

ಆರನೆಯವಳು ನಾನು. ಒಂದು ವಾರ ಆ ಹಾಳೆಯನ್ನು ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಬಿಟ್ಟರೆ ಪಾಠ ಹೋಗುತ್ತದೆ, ಈ ಕೋಣೆಯಲ್ಲಿ ಕೂತು ಹಾಳೆ ತುಂಬುವ ಗುಮಾಸ್ತೆಯಾಗುತ್ತೇನೆ. ಮನೆಯಲ್ಲಿನ ಕೆಲಸವೂ ಹೋಗುತ್ತದೆ. ಒಂದು ದಿನ ಹಿಂದಿನ ಗೇಟಿನಲ್ಲಿ ಹೋಗುವಾಗ ನೋಡಿದೆ: ಮೋನಿಷಾ ಒಂದು ಕೈಯಲ್ಲಿ ಇಸ್ತ್ರಿ ಹಾಕುತ್ತಾ ಇನ್ನೊಂದು ಕೈಯಲ್ಲಿ ಗ್ರಂಥಾಲಯದ ಪುಸ್ತಕದ ಹಾಳೆ ತಿರುಗಿಸುತ್ತಿದ್ದಳು. ನನ್ನ ವಿಷಯದ ಪುಸ್ತಕವೇ. ಜಾಗವಿಲ್ಲದೆ ಓದಿದರೆ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ಅವಳಿಗೂ ಗೊತ್ತು. ಓದಿದ್ದು ಅಲ್ಲಲ್ಲೇ ಸೋರಿಹೋಗುತ್ತಿದ್ದರೂ ಓದುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ನನ್ನ ಪಾಠವನ್ನು ಅಷ್ಟು ಆಸೆಪಟ್ಟವರನ್ನು ನಾನು ನೋಡಿರಲಿಲ್ಲ. ಆ ಶನಿವಾರ ಬಲಗಡೆಯ ಕಾಲಂನಲ್ಲಿ ನನ್ನ ಹೆಸರು ಬರೆದೆ.

ಸೋಮವಾರ ಎದ್ದು ಮೊದಲು ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ. ಓದಲು ಬರುತ್ತದೆ, ಒಂದು ಸಾಲೂ ತಿಳಿಯುವುದಿಲ್ಲ. ಅಲ್ಲಲ್ಲಿ ಕೆಂಪು ಶಾಯಿಯಲ್ಲಿ 'ಭಲೇ!' ಎಂದು ಬರೆದುಕೊಂಡಿದ್ದೆ. ಯಾವುದಕ್ಕೆ ಭಲೇ ಎಂದುಕೊಂಡೆನೋ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಹನ್ನೆರಡು ಗಂಟೆಗೆ ಕೆಂಪಾಜಮ್ಮ ಕ್ಯಾರಿಯರ್ ಹಿಡಿದು ಬಂದಳು, ಮುದ್ದೆ, ಅವರೆಕಾಳಿನ ಸಾರು. ನಾನು ಉಣ್ಣುವಾಗ ಎದುರಿಗೇ ಕೂತು, "ತಿನ್ನಿ ಮೇಡಮ್ಮೋರೆ, ಖಾಲಿ ಹೊಟ್ಟೇಲಿ ಇನ್ನೂ ಜಾಸ್ತಿ ಅಳು ಬತ್ತದೆ" ಎಂದಳು. ಹೋಗುವಾಗ ಬೇಡವೆಂದರೂ ಕೇಳದೆ ನನ್ನ ಆರು ಸೀರೆ ಎತ್ತಿಕೊಂಡು ಹೋಗಿ, ಸಂಜೆ ಇಸ್ತ್ರಿ ಮಾಡಿ ತಂದಿಟ್ಟಳು. ಸುಟ್ಟ ಕೈ ಪೂರ್ತಿ ಮಡಚುತ್ತಿರಲಿಲ್ಲ, ಆದರೂ ಒಂದು ನೆರಿಗೆ ತಪ್ಪಿರಲಿಲ್ಲ.

ಪಾಠವನ್ನು ವೃಷಭೇಂದ್ರಯ್ಯ ಸರ್ ತೆಗೆದುಕೊಂಡರು, ಗೈಡ್ ಹಿಡಿದು ಓದಿ ಹೇಳುವುದಷ್ಟೇ. ಮೋನಿಷಾ ನನ್ನ ನೋಟ್‌ಬುಕ್ಕುಗಳಿಂದ ಕಲಿತಳು. ವಾರಕ್ಕೆರಡು ಸಂಜೆ ಮನೆಗೆ ಬರುತ್ತಿದ್ದಳು. "ಮೇಡಂ, ಇಲ್ಲಿ ನೀವು ಎಂಥಾ ಕೆಲಸ ಮಾಡಿದೀರ ಗೊತ್ತಾ!" ಎಂದು ನನಗೇ ನನ್ನದನ್ನು ವಿವರಿಸುತ್ತಿದ್ದಳು. ಅವಳು ಹೇಳುತ್ತಿರುವಷ್ಟು ಹೊತ್ತು ತಿಳಿದಂತಾಗುತ್ತಿತ್ತು. ಗೇಟು ದಾಟುವಷ್ಟರಲ್ಲಿ ಏನೂ ಇರುತ್ತಿರಲಿಲ್ಲ. ಹಾಗಿದ್ದೂ ನಾನು ಸಂಜೆಗಾಗಿ ಕಾಯುತ್ತಿದ್ದೆ. ಡಿಸೆಂಬರ್ ಹೊತ್ತಿಗೆ ಅವಳು ನಾನು ನಿಲ್ಲಿಸಿದ್ದಲ್ಲಿಂದ ಕೆಲಸ ಮುಂದುವರಿಸಿದಳು. ಎಂಟನೇ ನೋಟ್‌ಬುಕ್ ಅವಳ ಅಕ್ಷರದಲ್ಲಿ ಶುರುವಾಯಿತು. ಒಂದು ದಿನ ಕಂಪ್ಯೂಟರಿನಲ್ಲಿ 'ಮೇಡಂ ಬಂದಿದ್ದಾರೆ ಎಂದು ತೋರಿಸು' ಎಂದು ಬರೆದಳು, ಅದು ತೋರಿಸಿತು. ಇಬ್ಬರೂ ಹುಚ್ಚರ ಹಾಗೆ ನಕ್ಕೆವು. ಕೊಟ್ಟದ್ದು ಸಾರ್ಥಕವಾಯಿತು ಎಂದುಕೊಂಡೆ.

ಜೂನ್ ಕೊನೆಯಲ್ಲಿ ಎಂಟೂ ಸೆಮಿಸ್ಟರಿನ ಅಂತಿಮ ಫಲಿತಾಂಶ ಬಂತು. ಕಂಪೈಲರಿಗೆ ತೊಂಬತ್ತೊಂದು. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಪದವಿಗೆ ಗಣನೆಗಿಲ್ಲ' ಎಂದಿತ್ತು. ಕೆಳಗೆ, ಸಾಫ್ಟ್‌ವೇರ್ ಟೆಸ್ಟಿಂಗ್ ಬಾಕಿ, ಪದವಿ ತಡೆಹಿಡಿಯಲಾಗಿದೆ.

ನಾನು ಸೆರಗು ಸಿಕ್ಕಿಸಿಕೊಂಡು ಆಫೀಸಿಗೆ ಜಗಳಕ್ಕೇ ಹೋದೆ. ಗುಮಾಸ್ತ ಕರಿಬಸಪ್ಪ ಕಡತ ತೆಗೆದು ಒಂದು ಸುತ್ತೋಲೆ ಮುಂದಿಟ್ಟ. ಮಧ್ಯೆ ಬಿಟ್ಟು ಮರಳಿ ಸೇರಿದವರು ತಾವು ಮೊದಲು ಸೇರಿದ ವರ್ಷದ ಸ್ಕೀಮಿನಲ್ಲೇ, ಎಂದರೆ ಆ ವರ್ಷದ ವಿಷಯಪಟ್ಟಿಯಲ್ಲೇ, ಮುಂದುವರಿಯತಕ್ಕದ್ದು. ಎರಡು ವರ್ಷದ ಹಿಂದಿನದು. ಮೋನಿಷಾ ಮೊದಲು ಸೇರಿದ ವರ್ಷದ ಸ್ಕೀಮಿನಲ್ಲಿ ಆ ಜಾಗದಲ್ಲಿ ಕಂಪೈಲರ್ ಇಲ್ಲವೇ ಇಲ್ಲ, ಟೆಸ್ಟಿಂಗ್ ಇದೆ. ಟೆಸ್ಟಿಂಗ್! ನಮ್ಮೂರಿನಲ್ಲಿ ಅದನ್ನು ಬಿಡುವವರು ಬೀದಿಗೆ ಹತ್ತು ಜನ ಸಿಗುತ್ತಾರೆ, ಕರೆದು ಕೊಡುತ್ತಾರೆ. ಸುತ್ತೋಲೆಯ ಮೂಲೆಯಲ್ಲಿ, ಓದಿದ್ದೇನೆ ಎಂಬುದಕ್ಕೆ ನನ್ನದೇ ಸಹಿ ಇತ್ತು. ವಾರಕ್ಕೊಮ್ಮೆ ಬರುವ ಸುತ್ತೋಲೆಗಳ ಕಟ್ಟಿಗೆ ನಾನು ನಿಂತ ನಿಲುವಿನಲ್ಲೇ ಸಹಿ ಹಾಕುತ್ತಿದ್ದೆ. ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದ್ದೀತು ಎಂದು.

ತಪ್ಪು ನನ್ನದು. ಅವಳ ಹಾಳೆಯ ಮೇಲೆ ಮೊದಲು ಸೇರಿದ ವರ್ಷ ದಪ್ಪ ಅಕ್ಷರದಲ್ಲಿತ್ತು. ವೃಷಭೇಂದ್ರಯ್ಯ ಸರ್ ಕೂಡ ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ್ದರಲ್ಲ, ಅವರಿಗೆ ಆಗಲೇ ಹೊಳೆದಿತ್ತೇ? ನಾನು ಕೇಳಿಲ್ಲ. ಕೇಳಿದರೆ ಏನು ಹೇಳುತ್ತಾರೆಂದು ನನಗೆ ಗೊತ್ತು.

ಮರುದಿನ ಕೆಂಪಾಜಮ್ಮ ಕೋಣೆಗೆ ಬಂದಳು, ಹಿಂದೆ ಮೋನಿಷಾ. ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೋನಿಷಾಗೆ ಕೆಲಸ ಆಗಿತ್ತು. ಪರೀಕ್ಷೆ, ಸಂದರ್ಶನ ಎಲ್ಲ ಮುಗಿದಿತ್ತು. ಜುಲೈ ಮೂವತ್ತೊಂದರೊಳಗೆ ಪದವಿ ಪತ್ರ ತೋರಿಸಬೇಕು, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ.

"ಆರು ತಿಂಗಳು ತಡ್ಕೊಳ್ಳಮ್ಮ" ಎಂದೆ ನಾನು. "ಟೆಸ್ಟಿಂಗ್ ಒಂದು ಪಾಸ್ ಮಾಡ್ಬಿಡ್ತಾಳೆ. ಬೇರೆ ಕೆಲಸ ಸಿಗತ್ತೆ."

"ಆರ್ ತಿಂಗ್ಳು ಯಾರ್ ತಡೀತಾರೆ ಮೇಡಮ್ಮೋರೆ? ಆ ನೀರಿನ ಆಪೀಸ್ನೋರು ತಡೀತಾರಾ?" ಅವಳು ಬಲಗೈ ಮೇಜಿನ ಮೇಲಿಟ್ಟಳು. "ಈ ಕೈ ತಡೀತದಾ? ಪೆಟ್ಗೆ ಎತ್ತಾಕಾಯ್ತಿಲ್ಲ ನಂಗೆ. ನಿಮ್ನ ದೇವ್ರು ಅಂದ್ಕೊಂಡಿದ್ನಲ್ಲವ್ವಾ. ಓದ್ದೋರು, ಒಂದ್ ಕಾಗ್ದ ಓದಾಕಾಗ್ಲಿಲ್ವಾ ನಿಮ್ಗೆ?"

"ಅಮ್ಮಾ, ಸುಮ್ನಿರು" ಎಂದಳು ಮೋನಿಷಾ. ನನ್ನ ಮುಖ ನೋಡಲಿಲ್ಲ. "ಮೇಡಂ, ಎಚ್ಒಡಿ ಸರ್ ಕರೆಸಿದ್ರು. ಒಂದು ದಾರಿ ಇದೆಯಂತೆ."

ದಾರಿ ಏನೆಂದರೆ, ಒಂದು ವಿಷಯಕ್ಕೆ ಇನ್ನೊಂದು ಸಮಾನ ಎಂದು ತೀರ್ಮಾನಿಸುವ ಸಮಿತಿಗೆ ವೃಷಭೇಂದ್ರಯ್ಯ ಸರ್ ಅಧ್ಯಕ್ಷರು. ಟೆಸ್ಟಿಂಗ್ ಬದಲು ಕಂಪೈಲರ್ ಒಪ್ಪಬಹುದು ಎಂದು ಅವರು ಒಂದು ಸಾಲು ಬರೆದರೆ ವಾರದಲ್ಲಿ ಪದವಿ ಪತ್ರ ಕೈಗೆ ಬರುತ್ತದೆ. ಅವರ ತಂಗಿಯ ಮಗ ನಿಶ್ಚಲ್ ಎಂಬವನು ಬೇರೆ ಊರಿನ ಕಾಲೇಜಿನಿಂದ ಏಳನೇ ಸೆಮಿಸ್ಟರಿಗೆ ವರ್ಗವಾಗಿ ಬರುತ್ತಿದ್ದಾನೆ. ಈ ವರ್ಷದ ಹನ್ನೊಂದನೆಯವನು. ಉಳಿದವರು ಬಿಡುವ ಹತ್ತು ಜಾಗ ಹಂಚಿಹೋಗಿದೆ. ಮೋನಿಷಾ ತನ್ನದನ್ನು ಅವನಿಗೆ ಬರೆದುಕೊಡಬೇಕು.

ನಾನು ಅವರ ಕೋಣೆಗೆ ನುಗ್ಗಿದೆ. ಬಾಗಿಲು ತಟ್ಟಿದೆನೋ ಇಲ್ಲವೋ ನೆನಪಿಲ್ಲ. "ಸರ್, ನಿಮ್ಮ ತಂಗಿ ಮಗ ತಾನೆ? ನಿಮ್ಮದೇ ಕೊಡಿ. ಆ ಹುಡುಗಿ ಅದರಲ್ಲಿ ಎಂಥಾ ಕೆಲಸ ಮಾಡ್ತಿದಾಳೆ ನಿಮಗೇನು ಗೊತ್ತು?"

ಅವರು ಕನ್ನಡಕ ತೆಗೆದು ಒರೆಸಿದರು. "ನಂದು ಕೊಟ್ರೆ ಡಿಪಾರ್ಟ್‌ಮೆಂಟಲ್ಲಿ ಪಾಠ ಮಾಡೋರು ಯಾರಮ್ಮ? ನೀವಂತೂ ಬಿಟ್ಟುಬಿಟ್ರಿ. ನಾನೇನು ಬಲವಂತ ಮಾಡ್ತಿಲ್ಲಪ್ಪ. ಅವಳಿಗೆ ಬೇಡ ಅಂದ್ರೆ ಆರು ತಿಂಗಳು ಕಾಯಲಿ. ನಿಮ್ಮ ತಪ್ಪನ್ನ ಸರಿಮಾಡೋಕೆ ನಾನು ಇಷ್ಟು ಮಾಡ್ತಿರೋದು. ಅದಕ್ಕೊಂದು ಥ್ಯಾಂಕ್ಸ್ ಹೇಳೋದು ಬಿಟ್ಟು..."

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನ್ನ ಕೈಯಲ್ಲಿ ಆಗಲಿಲ್ಲ, ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಮೋನಿಷಾ ಕಾರಿಡಾರಿನಲ್ಲಿ ನಿಂತಿದ್ದಳು. ಬಿಡಬೇಡ ಕಣೇ ಎಂದು ಅವಳ ಕೈ ಹಿಡಿದು ಹೇಳಬೇಕೆನಿಸಿತು, ಹೇಳಿಯೂ ಬಿಟ್ಟೆ. "ಬಿಡಬೇಡ ಕಣೇ. ಕೆಲಸ ಹೋದರೆ ಹೋಗಲಿ. ಅಷ್ಟು ಮುಂದಕ್ಕೆ ತಂದಿದೀಯ."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. ಆಮೇಲೆ, "ಮೇಡಂ, ಇದು ನಂಗೋಸ್ಕರ ಹೇಳ್ತಿದೀರಾ, ನಿಮಗೋಸ್ಕರ ಹೇಳ್ತಿದೀರಾ?" ಎಂದಳು. ಸಿಟ್ಟಿನಿಂದ ಕೇಳಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳಿದಳು. ಆಮೇಲೆ ವಿಷಯ ಬಿಡುವ ಪತ್ರವನ್ನು ಚೀಲದಿಂದ ತೆಗೆದಳು. ಅದಕ್ಕೆ ಯೋಜನೆ ನೋಡಿಕೊಳ್ಳುವವರ ಸಹಿ ಬೇಕು. ಕಾರಿಡಾರಿನ ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಮಾಡಿದೆ. ಈ ಸಲ ಪ್ರತಿಯೊಂದು ಅಕ್ಷರ ಓದಿದೆ.

ಸೋಮವಾರ ಅವಳ ಮನೆಗೆ ನಾನೇ ಚಿತ್ರಾನ್ನ ಕಲಸಿಕೊಂಡು ಹೋದೆ. ವೃಷಭೇಂದ್ರಯ್ಯನವರ ಮನೆಯಿಂದ ಡ್ರೈವರು ಮೈಸೂರುಪಾಕಿನ ಪೆಟ್ಟಿಗೆ ತಂದು ಹೊಸ್ತಿಲಲ್ಲಿಟ್ಟು ಹೋಗಿದ್ದನಂತೆ. ಅದನ್ನು ಯಾರೂ ಒಳಗೆ ತೆಗೆದುಕೊಂಡಿರಲಿಲ್ಲ, ಇರುವೆ ಹತ್ತಿತ್ತು. ಮೋನಿಷಾ ಎಂಟನೇ ನೋಟ್‌ಬುಕ್ ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತಿದ್ದಳು. "ನಿನ್ನೆ ಸಂಜೆ ಈ ಸಾಲಿಗೆ ನಿಲ್ಲಿಸಿದ್ದೆ ಮೇಡಂ. ಮುಂದಿನದು ಏನು ಬರೀಬೇಕು ಅಂತ ಗೊತ್ತಿತ್ತು. ದಿನದ ಅಭ್ಯಾಸದಲ್ಲಿ ಬೆಳಿಗ್ಗೆ ಬರೆದರಾಯ್ತು ಅಂತ ಮಲಗಿಬಿಟ್ಟೆ" ಎಂದಳು. ನಿನ್ನೆಯೇ ಬರೆದಿಟ್ಟುಬಿಡಬೇಕಿತ್ತಲ್ಲೇ ಎಂದು ಗದರಲು ಹೊರಟವಳು ನಾಲಿಗೆ ಕಚ್ಚಿಕೊಂಡೆ. ಬರೆದಿಟ್ಟಿದ್ದರೂ ಓದಿ ತಿಳಿಯುವವರು ಯಾರು? ಇಬ್ಬರೂ ಚಿತ್ರಾನ್ನ ತಿಂದೆವು. ಕೆಂಪಾಜಮ್ಮ ನನಗೆ ನೀರು ತಂದಿಟ್ಟು ಒಳಗೆ ಹೋದಳು. ಮೋನಿಷಾ ಈಗ ನೀರಿನ ಕಚೇರಿಯಲ್ಲಿ ಬೀದಿಗಳ ಹೆಸರು, ನಲ್ಲಿ ಬಿಡುವ ಸಮಯ ಕಂಪ್ಯೂಟರಿಗೆ ಏರಿಸುತ್ತಾಳೆ. ಇಸ್ತ್ರಿ ಗಾಡಿ ನಿಂತಿದೆ. ಅಷ್ಟಾದರೂ ಆಯಿತಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ, ಸಮಾಧಾನ ಮಾತ್ರ ಆಗುವುದಿಲ್ಲ.

ಆ ವಾರವೇ ನಿಶ್ಚಲ್ ನನ್ನ ಕೋಣೆಗೆ ಬಂದ. ಕೆಟ್ಟ ಹುಡುಗನೇನಲ್ಲ, ಒಳಗೆ ಬರುವಾಗ ನಮಸ್ಕಾರ ಮಾಡಿದ. ಕುರ್ಚಿಯಲ್ಲಿ ಕೂತು ಮೊಬೈಲ್ ನೋಡಿಕೊಳ್ಳುತ್ತಿದ್ದ. ನಾನು ಸ್ಕೀಮನ್ನು ಎರಡೆರಡು ಸಲ ತೆಗೆದು ನೋಡಿ, ಬೆರಳಿಟ್ಟು ಓದಿ, ಏಳನೇ ಸೆಮಿಸ್ಟರಿನ ಸಾಲಿನಲ್ಲಿ ಕಂಪೈಲರ್ ಎಂದು ಬರೆದೆ. ಬಲಗಡೆ ಮೋನಿಷಾಳ ಹೆಸರು ಬರೆದೆ. ಅವನು ಮೊಬೈಲಿನಿಂದ ತಲೆ ಎತ್ತಿ ಹಾಳೆಯ ಕಡೆ ಬಗ್ಗಿ ನೋಡಿದ.

"ಇದು ಏನ್ ಸಬ್ಜೆಕ್ಟ್ ಮೇಡಂ? ಕಷ್ಟನಾ?"

"ಗೊತ್ತಿಲ್ಲಪ್ಪ" ಎಂದೆ.

ಅವನು ತಮಾಷೆಗೆ ಹೇಳಿದೆನೆಂದುಕೊಂಡು ನಕ್ಕ. "ಗೊತ್ತಿಲ್ದೇನೇ ನಮ್ಗೆಲ್ಲಾ ಹೆಂಗೆ ಪ್ಲಾನ್ ಹಾಕ್ತೀರಾ ಮೇಡಂ?"

ನಾನು ಹಾಳೆಗೆ ಸೀಲು ಒತ್ತಿ ಅವನ ಕೈಗೆ ಕೊಟ್ಟು, ಮುಂದಿನವರನ್ನು ಕರೆದೆ.